ತಡವಾಗಿ ಬಂದ ಅಪ್ಪಣೆ

ಸುಮ್ಮನೆ ಕಾಯುವುದು ನನ್ನ ಜಾಯಮಾನದಲ್ಲೇ ಇಲ್ಲ. ಅಂಥವಳಿಗೆ ಸಿಕ್ಕ ಕೆಲಸ ನೋಡಿ: ಮಕ್ತಲ್ ರಸ್ತೆಯ ಅಕ್ಕಿ ಗಿರಣಿಯ ಕಂಟ್ರೋಲ್ ರೂಮಿನಲ್ಲಿ ಕೂತು ಪರದೆ ಕಾಯುವುದು. ಕೆಳಗೆ ಬಾಯ್ಲರಿನ ಹತ್ತಿರ ನಮ್ಮಣ್ಣ. ನಾರ್ವ, ಧನ್ವಾಡ ಕಡೆಯಿಂದ ಬಂದ ಭತ್ತ ಬೇಯಿಸುವ ಹಬೆ ಅವನ ಪಾಲು, ಬಾಯ್ಲರಿನಲ್ಲಿ ನೀರು ಇಳಿಯದಂತೆ ನೋಡುವುದು ನನ್ನ ಪಾಲು.

ನೀರಿನ ಮಾಪಕ, ಪಂಪು, ನನ್ನ ಪರದೆ, ಎಲ್ಲವೂ ಒಂದೇ ತಂತಿಯಲ್ಲಿ ಮಾತಾಡುತ್ತಿದ್ದವು. ಹಳೆಯ ತಂತಿಯಲ್ಲಿ ಪಾಳಿ ಇತ್ತು. ಊರಲ್ಲಿ ಬಾವಿ ನೀರನ್ನು ಪಾಳಿ ಮೇಲೆ ಹೊಲಕ್ಕೆ ಬಿಡುವ ಹಾಗೆ, ಪಾಳಿ ಬಂದ ಯಂತ್ರವೇ ಮಾತಾಡಬೇಕು, ಉಳಿದವು ಬಾಯಿ ಮುಚ್ಚಿರಬೇಕು. ನಿಧಾನ, ಆದರೆ ಮಾತು ಹೊತ್ತಿಗೆ ಸರಿಯಾಗಿ ಮುಟ್ಟುತ್ತಿತ್ತು. ಮಾಲೀಕರು ಅದನ್ನು ಕಿತ್ತು ಆಫೀಸಿನ ಕಂಪ್ಯೂಟರುಗಳಿಗೆ ಹಾಕುವಂಥದ್ದೇ ಕೇಬಲ್ ಹಾಕಿಸಿದರು. ಅದರಲ್ಲಿ ಪಾಳಿ ಇಲ್ಲ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ನಿಂತು, ಮತ್ತೆ ಶುರು ಮಾಡಬೇಕು.

“ಬಾಳ ಜಲ್ದಿ ಐತಿ, ಅಗ್ಗನೂ ಐತಿ,” ಅಂದರು ಮಾಲೀಕರು.

ಜಲ್ದಿ ಇತ್ತು, ಸುಳ್ಳಲ್ಲ. ಆದರೂ ನನಗೆ ಸಮಾಧಾನವಿರಲಿಲ್ಲ. ಅಣ್ಣ ಬಾಯ್ಲರಿನ ಗಾಜಿನ ಕೊಳವೆಯಲ್ಲಿ ನೀರು ನೋಡಿದಾಗಲೆಲ್ಲ ಹಬೆ ಪೈಪಿಗೆ ಸ್ಪ್ಯಾನರಿನಿಂದ ಒಂದು ಪೆಟ್ಟು ಹೊಡೆಯುತ್ತಿದ್ದ. ಎಲ್ಲ ಸರಿ ಐತಿ ಅಂತ ಅರ್ಥ. ಪರದೆಗಿಂತ ನಾನು ಅದನ್ನೇ ನಂಬುತ್ತಿದ್ದೆ.

ತೆಲಂಗಾಣ ರಾಜ್ಯವಾದ ದಿನ ಬೆಳಿಗ್ಗೆ ಗಿರಣಿಯವರೆಲ್ಲ ಕಂಟ್ರೋಲ್ ರೂಮಿಗೆ ನುಗ್ಗಿದರು. ಹೈದರಾಬಾದಿನಲ್ಲಿ ಬಾವುಟ ಏರಿಸುವುದನ್ನು ನೋಡಬೇಕು. ಮ್ಯಾನೇಜರ್ ಇಂಟರ್ನೆಟ್ಟಿನ ವೈರು ತಂದು ಕೇಬಲ್‌ಗಳೆಲ್ಲ ಬಂದು ಸೇರುವ ನಮ್ಮ ಡಬ್ಬಿಗೇ ಸಿಕ್ಕಿಸಿದರು, ಪಕ್ಕದಲ್ಲಿ ಎರಡು ಲ್ಯಾಪ್‌ಟಾಪು.

“ಇದು ಬಾಯ್ಲರಿನ ಡಬ್ಬಿ ರೀ,” ಅಂದೆ.

“ಒಂದು ಗಳಿಗೆ ತಡಿ ಅಮ್ಮಾ. ಇಷ್ಟು ವರ್ಷ ಕಾದೀವಿ.”

ಸ್ವಲ್ಪ ಹೊತ್ತಿಗೆ ಪೈಪಿನಲ್ಲಿ ಎರಡು ಪೆಟ್ಟು ಕೇಳಿತು: ನೀರು ಕಡಿಮೆ. ಪರದೆಯಲ್ಲಿ ಮಾತ್ರ ಅರ್ಧ ಬಾಯ್ಲರ್ ನೀರು ಹಾಗೇ ನಿಂತಿತ್ತು. ಪಂಪಿನ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಸುತ್ತ ಜೈಕಾರ. ಹೈದರಾಬಾದಿನ ಚಿತ್ರವೇ ಕೇಬಲ್ ತುಂಬಿ, ನನ್ನ ಮಾತಿಗೆ ಜಾಗ ಸಿಗುತ್ತಿರಲಿಲ್ಲ.

ಆಮೇಲೆ ಪೆಟ್ಟುಗಳು ನಿಲ್ಲದೆ ಬಿದ್ದವು. ಅಂದರೆ ಗಾಜಿನ ಕೊಳವೆ ಪೂರ್ತಿ ಖಾಲಿ. ಇನ್ನು ನೀರು ಬಿಡುವಂತಿಲ್ಲ. ಕಾದು ಕೆಂಪಾದ ಬಾಯ್ಲರಿಗೆ ತಣ್ಣೀರು ಬಿದ್ದರೆ ಅದು ಒಡೆದು, ಮುಂದೆ ನಿಂತವನ ಹೆಣವೂ ಸಿಗುವುದಿಲ್ಲ. ಮುಂದೆ ನಿಂತವನು ನನ್ನಣ್ಣ.

ಮ್ಯಾನೇಜರ್ ಗಾಬರಿಯಾಗಿ ಲ್ಯಾಪ್‌ಟಾಪಿನ ವೈರು ಕೀಳಲು ಕೈಹಾಕಿದರು.

“ಮುಟ್ಟಬ್ಯಾಡ್ರಿ,” ಅಂತ ಅವರ ಕೈ ಹಿಡಿದೆ. “ನಾ ಒತ್ತಿದ್ದೆಲ್ಲ ವೈರಿನಾಗ ಕುಂತೈತಿ. ಈಗ ಇದನ್ನ ಕಿತ್ತು ವೈರು ಖಾಲಿ ಆದ್ರ ಪಂಪು ಶುರು ಆಗತೈತಿ.”

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಪಂಪಿನ ಮೇನ್ ಸ್ವಿಚ್ ಕೆಳಗೆಳೆದೆ. ಅಣ್ಣ ಒಲೆಯ ಬಾಯಿಂದ ಉರಿಯುವ ಭತ್ತದ ಹೊಟ್ಟನ್ನು ಹೊರಗೆಳೆಯುತ್ತಿದ್ದ, ಮುಖ ಕೆಂಪಗಾಗಿತ್ತು. ನನ್ನನ್ನು ನೋಡಿ ಕೇಳಿದ:

“ಝಂಡಾ ಏರಿಸಿದ್ರೇನು?”

ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಆಗ ಕರೆಂಟಿಲ್ಲದ ಪಂಪಿನ ಪಕ್ಕ, ಮೇಲಿನ ಕೇಬಲ್ ಬಂದು ಸೇರುವ ಡಬ್ಬಿಯೊಳಗೆ ಟಕ್ ಅಂತ ಸದ್ದಾಯಿತು. ಮತ್ತೊಂದು ಟಕ್. ನನ್ನ ಅಪ್ಪಣೆಗಳು ಒಂದೊಂದಾಗಿ ಬಂದು ಮುಟ್ಟುತ್ತಿದ್ದವು.