ನೂರಕ್ಕೆ ನೂರು ತೆಗೆದ ಹದಿನಾಲ್ಕು ಮಂದಿ

ಕೆಜಿಎಫ್‌ನ ಕಾರ್ಖಾನೆಯೊಂದರ ತರಬೇತಿ ವಿಭಾಗಕ್ಕೆ ನಾನು ಸೇರಿದ ವರ್ಷವೇ ಪಾಠಗಳೆಲ್ಲ ಆನ್‌ಲೈನ್ ಆದವು. ಕಲಿಸುವವರೂ ಕಲಿಯಬೇಕೆಂದು ನನಗೂ ಒಂದು ಕೋರ್ಸ್ ಅಂಟಿಸಿದರು. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದವಳು ಇಳಿಯುವವರೆಗೂ ಮೊಬೈಲ್ ಹಿಡಿದು ಪದಗಳನ್ನು ಉರು ಹೊಡೆಯುತ್ತಿದ್ದೆ. ಎಲ್ಲರೂ ಒಂದೇ ಹೊತ್ತಿಗೆ ಕೂತು ಕೇಳುವ ಪಾಠ ಸಿಂಕ್ರೊನಸ್. ಅವರವರ ಬಿಡುವಿಗೆ ನೋಡಿಕೊಳ್ಳುವುದು ಅಸಿಂಕ್ರೊನಸ್. ಸರಿ ಉತ್ತರಕ್ಕೆ ಶಹಬ್ಬಾಸ್ ಹೇಳಿ ಅಭ್ಯಾಸ ಹಿಡಿಸಿದರೆ ಬಿಹೇವಿಯರಿಸಂ. ಕಲಿಯುವವನು ತಾನೇ ಮಾಡಿ ನೋಡಿ ತನ್ನ ತಿಳಿವಳಿಕೆ ಕಟ್ಟಿಕೊಳ್ಳುತ್ತಾನೆ ಅನ್ನುವುದು ಕನ್‌ಸ್ಟ್ರಕ್ಟಿವಿಸಂ. ಇದನ್ನು ಹೇಳೋಕೆ ಇಷ್ಟುದ್ದ ಹೆಸರು ಬೇಕಿತ್ತಾ ಅಂತ ನನಗೆ ನಗು ಬರುತ್ತಿತ್ತು.

ನಮ್ಮಲ್ಲಿ ಒಂದು ರೂಢಿ. ಇಂಗ್ಲಿಷ್ ಬರುವವರು ಬಾರದವರ ಫಾರಂ ತುಂಬಿಕೊಡಬೇಕು. ಇಲ್ಲ ಅಂದರೆ ಸೊಕ್ಕಿನವಳು ಅನ್ನಿಸಿಕೊಳ್ಳಬೇಕು. ಹೊಸ ಕ್ರೇನಿನ ಸುರಕ್ಷತಾ ಪಾಠ ಬಂದಾಗಲೂ ಹಾಗೇ ಆಯಿತು. ಹಿರಿಯ ಕೆಲಸಗಾರರು ಹದಿನಾಲ್ಕು ಮಂದಿ ಪಾಸ್‌ವರ್ಡ್ ಬರೆದ ಚೀಟಿಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಒಂದು ಮಧ್ಯಾಹ್ನ ಕೂತು ಎಲ್ಲರ ಪರೀಕ್ಷೆಯನ್ನೂ ನಾನೇ ಬರೆದೆ. ಎಲ್ಲರಿಗೂ ನೂರಕ್ಕೆ ನೂರು. ಉಪಕಾರ ಮಾಡಿದೆ ಅಂತ ಹಿಗ್ಗಿದೆ ಕೂಡ. ನನ್ನಷ್ಟು ದಡ್ಡಿ ಇನ್ನೊಬ್ಬಳಿರಲಿಲ್ಲ.

ಒಂದು ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ಡ್ಯೂಟಿ ಪಟ್ಟಿ ನೋಡಿದೆ. ಆ ಹದಿನಾಲ್ಕು ಮಂದಿಯಲ್ಲೊಬ್ಬರು, ಕ್ಯಾಸಂಬಳ್ಳಿ ಕಡೆಯಿಂದ ಬರುವ, ನಾನು ಅಣ್ಣ ಅಂತ ಕರೆಯುವ ಹಿರಿಯರ ಹೆಸರು ಹೊಸ ಕ್ರೇನಿನ ಎದುರಿಗಿತ್ತು. ಉಳಿದ ಹದಿಮೂರು ಹೆಸರು ಅದರ ಕೆಳಗೆ, ಆ ವಾರದ ಬೇರೆ ಬೇರೆ ಪಾಳಿಗಳಿಗೆ.

ಹಳೆಯ ಕ್ರೇನಿನಲ್ಲಿ ಗುಂಡಿ ಬಿಟ್ಟ ತಕ್ಷಣ ಭಾರ ನಿಲ್ಲುತ್ತಿತ್ತು. ಹೊಸದು ಹಾಗಲ್ಲ. ಗುಂಡಿ ಬಿಟ್ಟರೂ ಸ್ವಲ್ಪ ದೂರ ಸಾಗಿಯೇ ನಿಲ್ಲುತ್ತದೆ. ಕೂಡಲೇ ನಿಲ್ಲಬೇಕಾದರೆ ಕೆಂಪು ಗುಂಡಿ ಒತ್ತಬೇಕು. ಏಳನೇ ಪ್ರಶ್ನೆ ಅದೇ. ಹದಿನಾಲ್ಕು ಸಲ ಸರಿ ಉತ್ತರ ಒತ್ತಿದ್ದ ಬೆರಳು ನನ್ನದು.

ಶೆಡ್ಡಿಗೆ ಓಡಿದೆ. ಅಣ್ಣ ರಿಮೋಟನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದರು. ಸರಪಳಿಯಲ್ಲಿ ಕಬ್ಬಿಣದ ದೊಡ್ಡ ಚೌಕಟ್ಟು ತೂಗುತ್ತಾ ನಿಧಾನಕ್ಕೆ ಸಾಗುತ್ತಿತ್ತು, ಅದರ ಆಚೆಗೆ ಇಬ್ಬರು ವೆಲ್ಡರ್‌ಗಳು ಬೆನ್ನು ಮಾಡಿ ಕೂತಿದ್ದರು. ಕೂಗಿದರೆ ಅಣ್ಣ ಗಾಬರಿಯಲ್ಲಿ ಗುಂಡಿ ಬಿಟ್ಟುಬಿಡುತ್ತಾರೆ ಅನ್ನಿಸಿ ಕೂಗಲಿಲ್ಲ. ಮೊದಲು ವೆಲ್ಡರ್‌ಗಳನ್ನು ಎಬ್ಬಿಸಿ ಈಚೆಗೆ ಕರೆದೆ. ಅಣ್ಣ ಭಾರವನ್ನು ಇಳಿಸಿದ ಮೇಲೆ, ತಟ್ಟನೆ ನಿಲ್ಲಿಸಬೇಕಾದರೆ ಏನು ಮಾಡ್ತೀರಿ ಅಂತ ಕೇಳಿದೆ. ಗುಂಡಿ ಬಿಡ್ತೀನಿ ಅಂದರು. ಹೊಸದರಲ್ಲಿ ಹಾಗಲ್ಲವಲ್ಲ, ಅಂದೆ.

ಅವರು ನಕ್ಕರು. "ನೂರಕ್ಕೆ ನೂರು ತೆಗ್ದೋಳು ನೀನಲ್ವಾ ತಾಯಿ? ಅದು ನಿಂಗೇ ಗೊತ್ತಿರ್ಬೇಕು."

ಅವರ ಮಾತಿನಲ್ಲಿ ಕೊಂಕಿರಲಿಲ್ಲ, ನಂಬಿಕೆ ಇತ್ತು.

ಕೊಕ್ಕೆಗೆ ಏನೂ ಸಿಕ್ಕಿಸದೆ ಮತ್ತೆ ಓಡಿಸಿ ಅಂದೆ. ಕೋರ್ಸಿನಲ್ಲಿ ಸ್ಕ್ಯಾಫೋಲ್ಡಿಂಗ್ ಅಂತ ಒಂದು ಪದವಿತ್ತು: ಕಲಿಯುವವನಿಗೆ ಮೊದಲು ಆಸರೆ ಕೊಟ್ಟು, ಆಮೇಲೆ ಒಂದೊಂದಾಗಿ ತೆಗೆಯುವುದು. ಮೊದಲ ಸಲ ಅವರ ಬೆರಳನ್ನು ಹಿಡಿದು ಕೆಂಪು ಗುಂಡಿಯ ಮೇಲಿಟ್ಟೆ. ಎರಡನೇ ಸಲ ಬಾಯಲ್ಲಿ ಹೇಳಿದೆ. ಮೂರನೇ ಸಲ ಕೈ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತೆ. ಕೊಕ್ಕೆ ಗೋಡೆಯತ್ತ ಹೋಗುತ್ತಿತ್ತು. ಅಣ್ಣ ಒತ್ತಿದರು. ನಿಂತಿತು.

"ಇಷ್ಟೇನಾ? ಮೊದ್ಲೇ ಏಳ್ಬಾರ್ದಿತ್ತಾ?" ಅಂದರು.

ಮೇಜಿನ ಡ್ರಾಯರಿನಿಂದ ಉಳಿದ ಹದಿಮೂರು ಚೀಟಿ ತೆಗೆದುಕೊಂಡು, ಕೆಲಸ ಹೋದರೆ ಹೋಗಲಿ, ಎಲ್ಲ ಒಪ್ಪಿಕೊಳ್ಳೋಣ ಅಂದುಕೊಂಡು ಸಾಹೇಬರ ಕೋಣೆಯ ಬಾಗಿಲು ತಟ್ಟಿದೆ. ಅಷ್ಟರಲ್ಲಿ ಎರಡನೇ ಪಾಳಿಯ ಸೈರನ್ ಕೂಗಿತು; ಪಟ್ಟಿಯ ಮುಂದಿನ ಹೆಸರಿನವರು ಆ ಕ್ರೇನಿಗೆ ಬರುವ ಹೊತ್ತು.