ಹುಬ್ಬಿನ ಮೇಲಿನ ಮೂರು ಮುತ್ತು

ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದಂತೆ. ನಮ್ಮವರು ಹೋಗಿ ಎಷ್ಟೋ ಕಾಲವಾಯಿತು, ಇನ್ನು ಕಡಿಮೆಯಾಗಲು ಏನು ಉಳಿದಿದೆ? ಹೇಳಿಯೇ ಬಿಡುತ್ತೇನೆ. ಮೂಕಯ್ಯ. ತಮಿಳು ಸೀಮೆಯ ಕಂಬಂನ ಕನ್ನಡ ಒಕ್ಕಲು ಮನೆಯವರು. ಪೊಂಗಲ್ ಬಂತೆಂದರೆ ಎತ್ತಿನ ಕೊಂಬಿಗೆ ಬಣ್ಣ ಬಳಿಯಲು ಊರೆಲ್ಲ ಅವರನ್ನೇ ಕರೆಯುತ್ತಿತ್ತು. ಕೊಂಬು ಆಡಿದರೂ ಅವರ ಕೈ ಆಡುತ್ತಿರಲಿಲ್ಲ. ಅಂಥದ್ದೇ ಒಂದು ಎತ್ತು ಮಂಡಿ ತುಳಿದ ಮೇಲೆ ನೇಗಿಲು ಹಿಡಿಯಲು ಆಗಲಿಲ್ಲ. ಕುಂಟುತ್ತ ದಿಂಡುಕಲ್ಲಿಗೆ ಹೋಗಿ ಕಾಳಿಯಪ್ಪನ್ ಎಂಬ ಫೋಟೋದವನ ಹತ್ತಿರ ಕೆಲಸಕ್ಕೆ ಸೇರಿದರು. ನಾನು ಮಗಳು ಮುತ್ತುಮಾರಿಯನ್ನು ಕಟ್ಟಿಕೊಂಡು ಊರಲ್ಲೇ ಉಳಿದೆ.

ಅವರ ಕೆಲಸವೇನೆಂದು ನನಗೆ ಬಹಳ ಕಾಲ ಅನುಮಾನವಿತ್ತು. ತಲೆಯ ಮೇಲೆ ಕರಿ ಬಟ್ಟೆ ಹೊದ್ದುಕೊಂಡು ಇಡೀ ದಿನ ಕೂರುತ್ತಾರಂತೆ, ಮುಂದೆ ಯಾರ್ಯಾರದೋ ಹೆಂಗಸರ ಮುಖಗಳಂತೆ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ? ಒಮ್ಮೆ ಊರಿಗೆ ಬಂದಾಗ ಅಡ್ಡ ಹಾಕಿ ಕೇಳಿದೆ. ನಕ್ಕು ಹೇಳಿದರು: ಫೋಟೋ ಮೊದಲು ಗಾಜಿನ ಮೇಲೆ ಬೀಳುತ್ತದೆ. ಆ ಗಾಜಿನ ಮೇಲೆ ಸೂಜಿಯಂತೆ ಚೂಪಾದ ಪೆನ್ಸಿಲಿನಿಂದ ತಿದ್ದಿದರೆ, ಕಾಗದಕ್ಕೆ ಇಳಿಸುವಾಗ ಸುಕ್ಕು, ಕಲೆ, ಗುಳಿ ಎಲ್ಲ ಮಾಯ. "ಎಷ್ಟು ತೆಗೀಬೇಕು?" ಅಂತ ಇವರು ಕೇಳಿದರೆ ಕಾಳಿಯಪ್ಪನ್ ಹೇಳುವುದು ಒಂದೇ ಮಾತು, ಎಲ್ಲವನ್ನೂ. ಹೀಗೆ ಒಬ್ಬ ಜಮೀನ್ದಾರನ ಮುದಿ ಹೆಂಡತಿ ಮದುವೆಗೆ ನಿಂತ ಹುಡುಗಿಯಾಗಿ ಹೋದಳಂತೆ. ಹಾಗಾದರೆ ಅದು ಸುಳ್ಳು ಹೇಳುವ ಕೆಲಸವೇ ಅಂದೆ.

ಮುತ್ತುಮಾರಿಯನ್ನು ನಮ್ಮವರ ಅಕ್ಕ ಪಾಂಡಿಯಮ್ಮಾಳ್ ಮಗ ಪೆರಿಯಣ್ಣನ್‌ಗೆ ಕೊಟ್ಟಿದ್ದೆವು. ನಮ್ಮಲ್ಲಿ ಅಕ್ಕನ ಮಗನಿಗೇ ಹಕ್ಕು. ಅವನಿಗೆ ಚಿಕ್ಕಂದಿನಲ್ಲಿ ಅಮ್ಮ ಬಂದಿತ್ತು. ಸಿಡುಬು ಅಂತ ನಾವು ಅನ್ನುವುದಿಲ್ಲ, ಮಾರಿಯಮ್ಮ ಮುತ್ತು ಹಾಕಿದಳು ಅನ್ನುತ್ತೇವೆ. ಪಾಂಡಿಯಮ್ಮಾಳ್ ಅವನನ್ನು ಬೇವಿನೆಲೆಯ ಮೇಲೆ ಮಲಗಿಸಿ ಕಾದಳು. ಉಳಿದ ಮೇಲೆ ವೀರಪಾಂಡಿಯ ಮಾರಿಗುಡಿಗೆ ಹೋಗಿ ಹರಕೆಯ ಬೆಂಕಿಚಟ್ಟಿ ಹೊತ್ತಳು. ಮುಖದ ತುಂಬ ಗುಳಿ. ಎಡ ಹುಬ್ಬಿನ ಮೇಲೆ ಒಲೆಗುಂಡಿನ ಹಾಗೆ ಮೂರು. ಆ ಮೂರನ್ನು ಅವಳು ದಿನಾ ಎಣ್ಣೆ ಹಚ್ಚಿ ಸವರುತ್ತಿದ್ದಳು. ಅಮ್ಮ ನೋಡಿ ಜೀವ ಬಿಟ್ಟುಕೊಟ್ಟದ್ದಕ್ಕೆ ಅದು ಗುರುತು.

ಅಂಥ ಮಗನ ಮೇಲೆ ಒಂದು ದಿನ ರೇಗಿದಳು. ಅವನು ಹೊಲಕ್ಕೆ ನೀರು ಕಟ್ಟದೆ ಕೋಳಿ ಜಗಳ ನೋಡಲು ಹೋಗಿದ್ದ. "ನಿನ್ ಮುಖಾ ನಂಗೆ ತೋರಿಸ್ಬ್ಯಾಡ, ಹೋಗು!" ಅಂದಳು. ಅಷ್ಟೇ. ಅವನು ಹೆಂಡತಿಗೂ ಹೇಳದೆ, ಮಲೆಯ ಮೇಲೆ ಪೆರಿಯಾರ್ ಹೊಳೆಗೆ ಕಟ್ಟೆ ಕಟ್ಟುವ ಕೆಲಸಕ್ಕೆ ಹತ್ತಿ ಹೋದ. ಮಳೆ ಹಿಡಿದ ಆಡಿ ತಿಂಗಳಲ್ಲಿ ಅಲ್ಲಿ ಮಲೆಜ್ವರ ಬಿತ್ತು. ಕೆಳಗಿಳಿದು ಬಂದ ಮುತ್ತುಸಾಮಿ ಎಂಬವನು, ನಿಮ್ಮ ಹುಡುಗನ ಗುಡಿಸಲಿನಲ್ಲಿ ಒಬ್ಬರೂ ಉಳಿಯಲಿಲ್ಲ ಅಂದ. ಹೆಣ ನೋಡಿದೆಯಾ ಅಂದರೆ, ಇಲ್ಲ, ಎಲ್ಲರನ್ನೂ ಒಟ್ಟಿಗೆ ಸುಟ್ಟರು ಅಂದ. ಪುಣ್ಯಾತ್ಮ, ಎಷ್ಟು ಸಲೀಸಾಗಿ ಹೇಳಿಬಿಟ್ಟ!

ತಿಂಗಳುಗಳು ಕಳೆದವು, ಸುದ್ದಿಯಿಲ್ಲ. ಊರ ದೊಡ್ಡವರು ಕೂತು ತೀರ್ಮಾನ ಮಾಡಿದರು. ಹುಲ್ಲಿನಲ್ಲಿ ಬೊಂಬೆ ಕಟ್ಟಿ ಸುಟ್ಟು, ಸತ್ತವರಿಗೆ ಮಾಡುವ ಕರುಮಾದಿ ಮುಗಿಸಿ, ಮುತ್ತುಮಾರಿಯ ತಾಳಿ ತೆಗೆಸಬೇಕು. ನನ್ನ ಮಗಳಿಗೆ ಆಗ ಸರಿಯಾಗಿ ಸೀರೆ ಉಡಲು ಕೂಡ ಬರುತ್ತಿರಲಿಲ್ಲ. ದಿಂಡುಕಲ್ಲಿಗೆ ಗಾಡಿಯವನ ಕೈಲಿ ಸುದ್ದಿ ಕಳಿಸಿದೆ.

ನಮ್ಮವರು ಓಡೋಡಿ ಬಂದರು, ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಫೋಟೋ. "ಅಕ್ಕಾ, ಪೆರಿಯಣ್ಣ ಬದುಕಿದಾನೆ. ಜ್ವರ ಬಿದ್ದಾಗ್ಲೇ ಮಲೆ ಇಳಿದ. ಆಡಿ ಮುಗಿದು ಆವಣಿ ತಿಂಗ್ಳಲ್ಲಿ ನನ್ ಹತ್ರ ಬಂದ. ಸಿಲೋನಿಗೆ ಹೋಗ್ತೀನಿ ಅಂತ ರೈಲು ಹತ್ತಿದ. 'ಅವ್ವ ಮುಖಾ ತೋರಿಸ್ಬ್ಯಾಡ ಅಂದ್ಳು ಮಾಮಾ, ಫೋಟೋದಾಗಾದ್ರೂ ನೋಡ್ಲಿ' ಅಂತ ಹೊರಡೋ ಮುಂಚೆ ಫೋಟೋಕ್ಕೆ ಕೂತ. ಇಲ್ಲಿ ಸತ್ತ ಸುದ್ದಿ ಬಂದದ್ದು ನಂಗೇನ್ ಗೊತ್ತು? ದೀಪಾವಳಿಗೆ ನಾನೇ ತರೋಣಾಂತಿದ್ದೆ."

ಪಾಂಡಿಯಮ್ಮಾಳ್ ಫೋಟೋವನ್ನು ಬೆಳಕಿಗೆ ಹಿಡಿದಳು. ಹತ್ತಿರ ತಂದಳು, ದೂರ ಒಯ್ದಳು. ಆಮೇಲೆ ತಮ್ಮನ ಕೈಗೇ ವಾಪಸು ತುರುಕಿದಳು.

"ಯಾರೋ ಇವ?"

"ನಿನ್ ಮಗ ಅಕ್ಕಾ!"

"ನನ್ ಮಗನಾ? ಅಮ್ಮ ಹಾಕಿದ್ ಮುತ್ತು ಎಲ್ಲೋ? ಹುಬ್ಬಿನ್ ಮೇಲೆ ಮೂರು, ಎಲ್ಲೋ?"

"ನಾನೇ ತೆಗ್ದೆ. ಅಳಿಯ ಅಲ್ವಾ, ಚೆಂದ ಕಾಣ್ಲಿ ಅಂತ."

"ಅಮ್ಮ ಹಾಕಿದ್ದನ್ನ ತೆಗ್ಯೋಕೆ ನೀನ್ಯಾರೋ? ಸುಳ್ಳಾ! ಮಗಳ ತಾಳಿ ಉಳಿಸ್ಕೊಳ್ಳೋಕೆ ಯಾವನೋ ಒಬ್ಬನ ಮುಖಾ ತಂದು ನನ್ ಮಡಿಲಿಗೆ ಹಾಕ್ತಿದೀಯ!"

ಬಾಗಿಲ ಹಿಂದಿನಿಂದ ಮುತ್ತುಮಾರಿ, "ಕಣ್ಣು ಅವ್ರದ್ದೇ ಅತ್ತೆ" ಅಂದಳು. "ನೀನು ಅನ್ನದೆ ಇನ್ಯಾರು ಅಂತಾರೆ?" ಅಂದಳು ಪಾಂಡಿಯಮ್ಮಾಳ್.

ನಾನೂ ನೋಡಿದೆ. ಸುಲಿದ ಮೊಟ್ಟೆಯಂತಹ ನುಣುಪು ಮುಖ. ಯಾವ ಊರ ಯಜಮಾನ ಮಣೇಗಾರನ ಮಗನೋ ಏನೋ! ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ, ನನಗೂ ಅದೇ ಸಂಶಯ ಬಂತು. ಸುಳ್ಳು ಮುಖ ಮಾಡುವುದೇ ಕಸುಬಾದವರು ಮಗಳಿಗೋಸ್ಕರ ಇನ್ನೊಂದು ಸುಳ್ಳು ಮಾಡಲಾರರೇ? ನಮ್ಮವರನ್ನು ಹಿತ್ತಿಲಿಗೆ ಕರೆದೆ. "ನನ್ ಮೇಲೆ ಆಣೆ, ನಿಜ ಹೇಳಿ" ಅಂದೆ. "ಗಾಜು ಇದೆ ಸರಸು. ಪೆನ್ಸಿಲ್ ಒರೆಸಿದ್ರೆ ಗುಳಿ ಬರ್ತಾವೆ. ಒರೆಸಿ ಹೊಸ್ದು ತರ್ತೀನಿ" ಅಂದರು.

ಪಾಂಡಿಯಮ್ಮಾಳ್ ಅದನ್ನು ಕೇಳಿಸಿಕೊಂಡಳು. "ಮುತ್ತು ತೆಗ್ದ ಕೈ ಬೇರೆಯವನ ಮುಖಕ್ಕೆ ಮುತ್ತು ಇಡಲಾರ್ದಾ? ನೀನು ತರೋದು ಬ್ಯಾಡ. ನಾನೇ ಬಂದು ನೋಡ್ತೀನಿ. ಮಗ ಕಾಣ್ಲಿಲ್ಲಾಂದ್ರೆ ವಾಪಸ್ ಬಂದ ದಿನಾನೇ ಕರುಮಾದಿ."

ದಿಂಡುಕಲ್ಲಿಗೆ ಗಾಡಿ ಕಟ್ಟಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಅವಳು ತಮ್ಮನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಪಾಪ, ಅವರು ಗಾಡಿಯ ಹಿಂದೆ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು.

ಅಲ್ಲಿ ಗಾಜು ಒರೆಸಬೇಕೆಂದಾಗ ಕಾಳಿಯಪ್ಪನ್ ತಮಿಳಿನಲ್ಲಿ ಗೊಣಗಿದ. ಅಷ್ಟು ಚೆಂದದ ಕೆಲಸವನ್ನು ಯಾರಾದರೂ ಕೆಡಿಸುತ್ತಾರಾ ಅಂದ. ಪಾಂಡಿಯಮ್ಮಾಳ್ ಅವನ ಮಾತಿಗೆ ಕಿವಿಗೊಡಲಿಲ್ಲ. ತಮ್ಮನ ಕಿವಿಯ ಮೇಲಿದ್ದ ಪೆನ್ಸಿಲನ್ನು ಕಿತ್ತು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು. "ಕೈ ತೋರ್ಸು" ಅಂದಳು. ಅವರು ಎರಡೂ ಅಂಗೈ ಬಿಚ್ಚಿ ತೋರಿಸಿದರು. ಆಮೇಲೆ ಟರ್ಪೆಂಟೈನ್ ಮುಟ್ಟಿಸಿದ ಬಟ್ಟೆಯಿಂದ ಗಾಜನ್ನು ಮೆಲ್ಲಗೆ ಒರೆಸಿದರು. ಬಟ್ಟೆಗೆ ಕಪ್ಪು ಹತ್ತಿತು. ಅವಳು ಅದನ್ನೂ ಇಸಿದುಕೊಂಡು ಮೂಸಿ ನೋಡಿದಳು.

ಗಾಜನ್ನೂ ಹೊಸ ಕಾಗದವನ್ನೂ ಒಂದು ಮರದ ಚೌಕಟ್ಟಿನಲ್ಲಿ ಸೇರಿಸಿ ಬಿಸಿಲಿಗೆ ಇಡಬೇಕು. ಬಿಸಿಲೇ ಕಾಗದದ ಮೇಲೆ ಮುಖ ಮೂಡಿಸುತ್ತದಂತೆ. ಚೌಕಟ್ಟನ್ನು ಅವಳೇ ಹಿಡಿದು ಅಂಗಳದಲ್ಲಿ ಕೂತಳು, ಯಾರನ್ನೂ ಹತ್ತಿರ ಬಿಡಲಿಲ್ಲ. ಮಾರಿಯಮ್ಮಾ, ನನ್ನ ಗಂಡ ಸುಳ್ಳುಗಾರನಾಗದಿರಲಿ ತಾಯೇ ಅಂತ ಬೇಡಿಕೊಂಡೆ.

ಸಾಕು ಅಂದಾಗ ತೆಗೆದಳು. ಕೆಂಗಂದು ಬಣ್ಣದಲ್ಲಿ ಪೆರಿಯಣ್ಣನ್ ಕೂತಿದ್ದ. ಕೆನ್ನೆ ತುಂಬ ಗುಳಿ, ಮೂಗಿನ ಮೇಲೆ ಗುಳಿ, ಎಡ ಹುಬ್ಬಿನ ಮೇಲೆ ಒಲೆಗುಂಡಿನ ಹಾಗೆ ಮೂರು.

"ಅಯ್ಯೋ ನನ್ನಪ್ಪಾ" ಅಂತ ಅವಳು ಗೋಳೋ ಎಂದು ಅತ್ತಳು. ನಾನು ನಮ್ಮವರ ಕಾಲ ಹತ್ತಿರ ಕುಸಿದು ಕೂತು ಅತ್ತೆ. ಅವರು ನನ್ನ ತಲೆ ಮುಟ್ಟಿದರು.

ಆಗ ಕಾಳಿಯಪ್ಪನ್ ಕೈಚಾಚಿದ. "ಕೊಡಮ್ಮಾ, ಇದನ್ನು ಕತ್ತಲೆ ಕೋಣೆಯಲ್ಲಿ ಔಷಧಿ ನೀರಲ್ಲಿ ತೊಳೆಯಬೇಕು. ಇಲ್ಲದಿದ್ದರೆ ಬೆಳಕು ತಾಗಿ ತಾಗಿ ಕಪ್ಪಾಗಿಬಿಡುತ್ತದೆ."

ಅವಳ ಅಳು ಗಕ್ಕನೆ ನಿಂತಿತು. "ಕತ್ತಲೆ ಕೋಣೆಗಾ? ನಿಮ್ ಕಳ್ಳಾಟ ನಡೆಯೋದು ಅಲ್ಲೇ ತಾನೇ!" ಅಂದವಳು ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡುಬಿಟ್ಟಳು. ನಮ್ಮವರು ಬೇಡಿಕೊಂಡರು, ನಾನು ಬೇಡಿಕೊಂಡೆ. ಉಹೂಂ.

ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ತೆಗೆದು ನೋಡುತ್ತಿದ್ದಳು. ವತ್ತಲಗುಂಡು ದಾಟುವಾಗ ಫೋಟೋದ ಕಿವಿ ಮಸುಕಾಯಿತು. ಮಾರನೆಯ ದಿನ ತೇನಿ ಬರುವಷ್ಟರಲ್ಲಿ ಕಣ್ಣೂ ಹೋಯಿತು. ಅಯ್ಯೋ ಅಯ್ಯೋ ಅಂತ ಮತ್ತೆ ಮತ್ತೆ ತೆಗೆದಳು, ತೆಗೆದಷ್ಟೂ ಬೇಗ ಕಪ್ಪಾಯಿತು. ಊರು ಮುಟ್ಟಿದಾಗ ಅವಳ ಕೈಯಲ್ಲಿದ್ದುದು ಕರಿ ಕಾಗದ.

ಊರ ದೊಡ್ಡವರು ಅದನ್ನು ಕೈಯಿಂದ ಕೈಗೆ ದಾಟಿಸಿದರು. "ನಾನು ಕಂಡೆ, ಮೂರೂ ಇದ್ದವು" ಅಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಮೊದಲು ನಮ್ಮವರನ್ನು ನೋಡಿದ್ದಳಲ್ಲ, ಅದೇ ನೋಟ. ಪಾಂಡಿಯಮ್ಮಾಳಿಗೆ ಅದು ಅರ್ಥವಾಯಿತು. ಕೆಂಡದಂತಾದಳು. "ಹೆತ್ತವಳು ನಾನು, ಬದುಕಿದಾನೆ ಅಂತೀನಿ. ಕರುಮಾದಿ ಮಾಡೋಕೆ ನೀವ್ಯಾರು? ಈ ಹುಡುಗಿ ತಾಳಿ ಮುಟ್ಟೋರು ಮೊದ್ಲು ನನ್ನನ್ನ ಸುಡಿ!" ಅಂದು ಮುತ್ತುಮಾರಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಊರು ನಂಬಲಿಲ್ಲ. ಬಾವಿ ಕಟ್ಟೆಯಲ್ಲಿ ಹಿಂದಿನಿಂದ ಆಡಿಕೊಂಡಿತು. ಆದರೆ ತಾಳಿ ಉಳಿಯಿತು. ನಮ್ಮವರು ಇನ್ನೊಂದು ಇಳಿಸಿಕೊಡುತ್ತೇನೆಂದರೂ ಕೇಳದೆ, ಕರಿ ಕಾಗದಕ್ಕೇ ಕುಂಕುಮ ಇಟ್ಟು ಅವಳು ದೇವರ ಗೂಡಿನಲ್ಲಿರಿಸಿದಳು.

ನಮ್ಮವರು ದಿಂಡುಕಲ್ಲಿಗೆ ಮರಳಿದರು. ಅಂದಿನಿಂದ ಗಾಜು ತಿದ್ದುವ ಮುಂಚೆ ಗಿರಾಕಿಯನ್ನು ಕೇಳುವ ರೂಢಿ ಮಾಡಿಕೊಂಡರು. ನಿನ್ನೆ ಮೊನ್ನೆ ಎದ್ದ ಮೊಡವೆ, ಬಿಸಿಲಿಗೆ ಬಿದ್ದ ಗೆರೆ ತೆಗೆಯುತ್ತೇನೆ. ನಿಮ್ಮನ್ನು ಹೆತ್ತವಳು ಹುಡುಕುವ ಗುರುತು ಯಾವುದು ಹೇಳಿ, ಅದನ್ನು ಮುಟ್ಟುವುದಿಲ್ಲ ಅನ್ನುತ್ತಿದ್ದರು. ಕಾಳಿಯಪ್ಪನ್ ಎಷ್ಟು ಬೈದರೂ ಬಿಡಲಿಲ್ಲ. ಕೆಲವು ಗಿರಾಕಿಗಳು ಎದ್ದು ಹೋದರು.

ಪೆರಿಯಾರ್ ನೀರು ಮಲೆ ಇಳಿದು ನಮ್ಮ ಗದ್ದೆಗೆ ಬಂದ ವರ್ಷ ಪೆರಿಯಣ್ಣನ್ ಬಂದ. ಮೀಸೆ ಬಿಟ್ಟಿದ್ದ, ಮೈತುಂಬಿಕೊಂಡಿದ್ದ, ಕೈಯಲ್ಲಿ ತಗಡಿನ ಪೆಟ್ಟಿಗೆ. ಅಂಗಳದಲ್ಲಿ ನಿಂತು "ಅವ್ವಾ" ಅಂದ. ಮುತ್ತುಮಾರಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತುಬಿಟ್ಟಳು. ಊರೆಲ್ಲ ಬೇಲಿಯ ಹತ್ತಿರ ಸೇರಿತ್ತು.

ಪಾಂಡಿಯಮ್ಮಾಳ್ ಬಾ ಅನ್ನಲಿಲ್ಲ. ಹತ್ತಿರ ಹೋಗಿ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಹುಬ್ಬಿನ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಆ ಮೂರು ಗುಳಿಗಳನ್ನು ಚರ್ಮ ಕೆಂಪಾಗುವ ತನಕ ಗಸಗಸ ಉಜ್ಜಿದಳು.

ಅವು ಹೋಗಲಿಲ್ಲ.

"ಒಳಗ್ ಬಾ" ಅಂದಳು.