ಬೇರು ನೋಡುವ ಸಾಹೇಬರು

ವಿಜ್ಞಾನ ಪಾಠದ ತಪಾಸಣೆಗೆಂದು ನಮ್ಮ ಪ್ರಾಥಮಿಕ ಶಾಲೆಗೆ ಬರುವ ಸಾಹೇಬರು ಮೊಸರಿನಲ್ಲಿ ಕಲ್ಲು ಹುಡುಕುವ ಆಸಾಮಿ. ಭೂತಗನ್ನಡಿಯ ಮೇಲೆ ಧೂಳಿದ್ದರೆ "ಇದನ್ನ ಮುಟ್ಟೇ ಇಲ್ಲ ನೀವು" ಎನ್ನುತ್ತಾರೆ, ಧೂಳಿಲ್ಲದಿದ್ದರೆ "ನಿನ್ನೆ ಒರೆಸಿದ್ದು ತಾನೆ?" ಎನ್ನುತ್ತಾರೆ. ಮಕ್ಕಳು ಸರಿಯುತ್ತರ ಕೊಟ್ಟರೆ ಅದು ಗಿಣಿಪಾಠ. ತಪ್ಪು ಹೇಳಿದರೆ, ಸಹಜವಾಗಿ ಕಾಣಲೆಂದು ಅದನ್ನೂ ನಾವೇ ಹೇಳಿಕೊಟ್ಟಿದ್ದೇವೆಂಬ ಗುಮಾನಿ. ಅಯಸ್ಕಾಂತ ಮೊಳೆಯನ್ನು ಎಳೆದುಕೊಂಡರೂ ಮೇಜಿನ ಕೆಳಗೆ ಬಗ್ಗಿ ನೋಡುತ್ತಾರೆ. ಈ ಸಲ ನನ್ನ ನಾಲ್ಕನೇ ತರಗತಿಯ ಕಿಟಕಿಯಲ್ಲಿ ಲೋಟಗಳ ತುಂಬ ಕಾಳಿನ ಸಸಿಗಳು ನಳನಳಿಸುತ್ತಿದ್ದುದೇ ಅವರಿಗೆ ಅನುಮಾನ ಹುಟ್ಟಲು ಸಾಕಾಯಿತು. ನೇರವಾಗಿ ಬೀರುವಿನ ಹಿಂದೆ ಕೈಹಾಕಿ, ನಾನು ಬಚ್ಚಿಟ್ಟಿದ್ದ, ಕಾಳು ಕೊಳೆತ ಲೋಟವೊಂದನ್ನು ಹೊರಗೆಳೆದರು. "ಇದ್ಯಾಕೆ ಬರಲಿಲ್ಲ?" ಎಂದು ಗೆದ್ದವರಂತೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಬೇರು ಬಂತಾ ಅಂತ ಅದನ್ನ ದಿನಾ ಕಿತ್ತು ನೋಡ್ತಿದ್ವಿ ಸರ್. ಅದಕ್ಕೇ ಇರಬೇಕು. ಮಿಕ್ಕಿದ್ದನ್ನ ಮುಟ್ಟಲಿಲ್ಲ." ಸಾಹೇಬರು ಲೋಟವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಆಮೇಲೆ ಪಕ್ಕದ ತರಗತಿಯ ಮುಚ್ಚಿದ ಬಾಗಿಲಿಗೆ ಹೋದವರು, ಒಳಗೆ ಪಾಠ ನಡೆಯುತ್ತಿರುವುದು ಕೇಳಿಸಿ, ಬಾಗಿಲ ಮೇಲಿಟ್ಟ ಕೈಯನ್ನು ಮೆಲ್ಲಗೆ ತೆಗೆದುಕೊಂಡರು.